ಫೋನಿಕ್ಸ್, ಸ್ಪೋಕನ್, ಕಮ್ಯುನಿಕೇಟಿವ್: ಇಂಗ್ಲಿಷ್ ಕಲಿಸುವವರ ಈ ಮಾತುಗಳಿಗೆ ಅರ್ಥವೇನು?

ಮೇ ತಿಂಗಳ ಕೊನೆಗೆ ಯಾವುದಾದರೂ ತಾಲ್ಲೂಕು ಬಸ್‌ಸ್ಟ್ಯಾಂಡಿನ ಗೋಡೆ ನೋಡಿ. ಒಂದು ಶಾಲೆಯ ಫ್ಲೆಕ್ಸಿನಲ್ಲಿ ‘ಫೋನಿಕ್ಸ್ ವಿಧಾನದಲ್ಲಿ ಬೋಧನೆ’. ಪಕ್ಕದ್ದರಲ್ಲಿ ‘ಕಮ್ಯುನಿಕೇಟಿವ್ ಇಂಗ್ಲಿಷ್’. ಕೆಳಗೆ ಅರ್ಧ ಹರಿದ ಚೀಟಿಯಲ್ಲಿ ‘30 ದಿನದಲ್ಲಿ ಸ್ಪೋಕನ್ ಇಂಗ್ಲಿಷ್, ಗ್ಯಾರಂಟಿ’. ಈಗೀಗ ಸರ್ಕಾರಿ ಶಾಲೆಯ ಗೇಟಿಗೂ ‘ಇಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವಿದೆ’ ಎಂಬ ಬ್ಯಾನರ್ ಕಟ್ಟಿರುತ್ತಾರೆ.

ಹಿಂದೆ ಕನ್ನಡ ಮಾಧ್ಯಮದ ಮಕ್ಕಳಿಗೆ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು. ಹಾಗಾಗಿ ತಾವು ಇಂಗ್ಲಿಷ್ ಓದಿರದ ಅಪ್ಪ ಅಮ್ಮಂದಿರೂ ಈಗ ಇದು ಬೇಕೋ ಅದು ಬೇಕೋ ಎಂದು ತೀರ್ಮಾನಿಸಬೇಕಾಗಿದೆ. ಫ್ಲೆಕ್ಸಿನ ಆ ದೊಡ್ಡ ದೊಡ್ಡ ಪದಗಳ ಒಳಗೆ ಏನಿದೆ ಎಂದು ಒಂದೊಂದಾಗಿ ಬಿಚ್ಚಿ ನೋಡೋಣ.

ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ

ಮೊದಲ ಗೊಂದಲ ಇಲ್ಲೇ. ‘ಭಾಷೆಯಾಗಿ ಇಂಗ್ಲಿಷ್’ ಎಂದರೆ ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಪಾಠ, ಮಿಕ್ಕಿದ್ದೆಲ್ಲ ಕನ್ನಡದಲ್ಲಿ. ‘ಮಾಧ್ಯಮವಾಗಿ ಇಂಗ್ಲಿಷ್’ ಎಂದರೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಇಂಗ್ಲಿಷಿನಲ್ಲಿ. ‘ದ್ವಿಭಾಷಾ’ ಎನ್ನುವುದು ಇವೆರಡರ ನಡುವಿನದು, ಎರಡೂ ಭಾಷೆ ಬಳಸಿ ವಿಷಯ ಕಲಿಸುವುದು.

ಮಾಧ್ಯಮ ಬದಲಿಸಿದರೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಬರುವುದಕ್ಕೆ ಒಂದು ಷರತ್ತಿದೆ: ಸುತ್ತಮುತ್ತ ಆ ಭಾಷೆ ಇರಬೇಕು. ನ್ಯೂಜೆರ್ಸಿಗೆ ಹೋದ ಕನ್ನಡದ ಮನೆಯ ಮಗು ವರ್ಷ ಕಳೆಯುವುದರೊಳಗೆ ಪಟಪಟ ಮಾತಾಡುತ್ತದೆ. ಯಾಕೆಂದರೆ ಪಾರ್ಕು, ಬಸ್ಸು, ಅಂಗಡಿ, ಜಗಳ ಎಲ್ಲ ಕಡೆಯೂ ಅದಕ್ಕೆ ಇಂಗ್ಲಿಷೇ ಕೇಳಿಸುತ್ತದೆ. ಅಂಥ ಕಡೆಯೂ ಆಟದ ಇಂಗ್ಲಿಷ್ ಮತ್ತು ಪಾಠದ ಇಂಗ್ಲಿಷ್ ಒಂದೇ ವೇಗದಲ್ಲಿ ಬರುವುದಿಲ್ಲ. ಕೆನಡಾದಲ್ಲಿ ವಲಸೆ ಕುಟುಂಬಗಳ ಮಕ್ಕಳ ಕಲಿಕೆಯನ್ನು ನೋಡಿದ ಜಿಮ್ ಕಮಿನ್ಸ್ ಎಂಬ ಭಾಷಾಶಿಕ್ಷಣ ತಜ್ಞರು 1970ರ ದಶಕದ ಕೊನೆಗೆ ಇದನ್ನು ಬಿಡಿಸಿ ತೋರಿಸಿದರು. ಗೆಳೆಯರ ಜತೆ ಮಾತಾಡುವಷ್ಟು ಇಂಗ್ಲಿಷ್ ಬರಲು ಸುಮಾರು ಎರಡು ವರ್ಷ ಸಾಕು. ಪಾಠವನ್ನು ಓದಿ, ಅರ್ಥ ಮಾಡಿಕೊಂಡು, ಕಾರಣ ಕೊಟ್ಟು ಬರೆಯುವಷ್ಟು ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು.

ನಮ್ಮೂರಿನ ಮಗುವಿಗೆ ಇಂಗ್ಲಿಷ್ ಕೇಳಿಸುವುದು ಕ್ಲಾಸಿನ ನಾಲ್ಕು ಗೋಡೆಯೊಳಗೆ ಮಾತ್ರ. ಆ ನಲವತ್ತು ನಿಮಿಷದಲ್ಲಿ ಏನು ನಡೆಯುತ್ತದೆ ಎನ್ನುವುದೇ ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ. ‘ವಿಧಾನ’ ಎನ್ನುವುದು ಅದಕ್ಕೇ.

ಡಾಗ್ ಅಂದ್ರೆ ನಾಯಿ, ದಿಸ್ ಈಸ್ ಎ ಪೆನ್

ನಮ್ಮಲ್ಲಿ ಬಹುಪಾಲು ಜನ ಇಂಗ್ಲಿಷ್ ಕಲಿತದ್ದು ಎರಡು ಹಳೆಯ ವಿಧಾನಗಳ ಕಲಬೆರಕೆಯಲ್ಲಿ.

ಒಂದು, ವ್ಯಾಕರಣ ಮತ್ತು ಅನುವಾದದ ದಾರಿ. ಯುರೋಪಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ರೀತಿ ಇದು. ಮೇಷ್ಟ್ರು ಒಂದು ಸಾಲು ಓದುತ್ತಾರೆ, ಅದರ ಕನ್ನಡ ಅರ್ಥ ಹೇಳುತ್ತಾರೆ, ಕಷ್ಟದ ಪದಗಳನ್ನು ಬೋರ್ಡಿನ ಮೇಲೆ ಬರೆಸುತ್ತಾರೆ, ಪ್ರಶ್ನೋತ್ತರ ಕೊಡುತ್ತಾರೆ. ಟೆನ್ಸ್ ಹನ್ನೆರಡೂ ಬಾಯಿಗೆ ಬರುತ್ತವೆ. ಪಾಸೂ ಆಗುತ್ತಾರೆ. ಆದರೆ ಬ್ಯಾಂಕಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಏನೋ ಕೇಳಿದರೆ ಬಾಯಿ ಕಟ್ಟುತ್ತದೆ. ಹಿಟ್ಟೆಷ್ಟು ನೀರೆಷ್ಟು ಎಂದು ಉರು ಹೊಡೆದು, ಮುದ್ದೆಕೋಲನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ಹಾಗೆ.

ಇನ್ನೊಂದು, ರಚನಾ ವಿಧಾನ. ಇಂಗ್ಲಿಷಿನ ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿಟ್ಟುಕೊಂಡು ಒಂದೊಂದನ್ನೂ ಬಾಯಲ್ಲಿ ಉರುಳಾಡಿಸುವುದು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ನೆನಪಿದೆಯಲ್ಲ? ಅದೇ. ಸ್ವಾತಂತ್ರ್ಯ ಬಂದ ಮೇಲೆ ದೇಶದಾದ್ಯಂತ ಇದು ಹರಡಿತು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಶುರುವಾಯಿತು, ಇಂದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಅದೇ. ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳ ತರಬೇತಿಗೆಂದು 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು.

ಈ ಅಚ್ಚಿನ ಪಾಠದಲ್ಲಿ ಒಂದು ತಮಾಷೆ ಇದೆ. ಕೈಯಲ್ಲಿ ಪೆನ್ನು ಹಿಡಿದು ‘ಇದು ಪೆನ್ನು’ ಎಂದು ಯಾರೂ ಯಾರಿಗೂ ಹೇಳುವುದಿಲ್ಲ, ಎದುರಿನವನಿಗೂ ಅದು ಕಾಣುತ್ತಿರುತ್ತದಲ್ಲ. ಮಗು ಬಾಯಿ ಆಡಿಸುತ್ತದೆ, ಆದರೆ ತಿಳಿಸಬೇಕಾದ ಸುದ್ದಿ ಅಲ್ಲಿ ಏನೂ ಇಲ್ಲ.

ಫೋನಿಕ್ಸ್: ನಮ್ಮ ಕಾಗುಣಿತದ ಇಂಗ್ಲಿಷ್ ತಂಗಿ

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ‘ಕ’ ಅಕ್ಷರವನ್ನು ‘ಕ’ ಎಂದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಒಂದು ಅಕ್ಷರದ ಹೆಸರು ‘ಎಚ್’, ಸದ್ದು ‘ಹ್’. ಇನ್ನೊಂದರ ಹೆಸರು ‘ಡಬ್ಲ್ಯು’, ಸದ್ದು ‘ವ್’. ಮಗುವಿಗೆ ‘ಸಿ, ಎ, ಟಿ’ ಎಂದು ಹೇಳಿಕೊಟ್ಟು ಬೇಗ ಬೇಗ ಹೇಳು ಎಂದರೆ ‘ಸಿಏಟಿ’ ಎನ್ನುತ್ತದೆಯೇ ಹೊರತು ‘ಕ್ಯಾಟ್’ ಎಲ್ಲಿಂದ ಬರಬೇಕು? ಆದ್ದರಿಂದ ಕೊನೆಗೆ ಪ್ರತಿ ಸ್ಪೆಲಿಂಗನ್ನೂ ಚಿತ್ರದ ಹಾಗೆ ಉರು ಹೊಡೆಯುತ್ತದೆ.

ಫೋನಿಕ್ಸ್ ಎಂದರೆ ಅಕ್ಷರದ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಸದ್ದನ್ನು ಮೊದಲು ಕಲಿಸುವುದು. ‘ಕ್’, ‘ಆ್ಯ’, ‘ಟ್’, ಕೂಡಿಸಿದರೆ ‘ಕ್ಯಾಟ್’. ಕನ್ನಡ ಬಲ್ಲ ಮಗುವಿಗೆ ಇದು ಹೊಸದೇನಲ್ಲ. ‘ಕ್’ಗೆ ‘ಅ’ ಸೇರಿದರೆ ‘ಕ’, ‘ಇ’ ಸೇರಿದರೆ ‘ಕಿ’ ಎಂದು ಕಾಗುಣಿತ ಹೇಳಿಕೊಂಡೇ ಅದು ಬೆಳೆದಿದೆ. ಅರ್ಧಾಕ್ಷರ, ಒತ್ತಕ್ಷರ ಅದಕ್ಕೆ ಗೊತ್ತು. ಇದನ್ನು ನೆನಪಿಸಿಕೊಟ್ಟು ಶುರು ಮಾಡುವ ಟೀಚರಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಫೋನಿಕ್ಸ್ ಕ್ಲಾಸಿನಲ್ಲಿ ಎಬಿಸಿಡಿ ಎಂಬ ಸಾಲಿನಲ್ಲೇ ಹೋಗುವುದಿಲ್ಲ. ಬಹಳ ಕಡೆ ಮೊದಲು ಬರುವುದು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಸದ್ದು. ಯಾಕೆ ಈ ಆರೇ? ಇಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್, ನ್ಯಾಪ್, ಸಿಪ್ ಎಂದು ಹತ್ತಾರು ಪದ ಕಟ್ಟಬಹುದು. ಮಗು ಎರಡನೇ ವಾರಕ್ಕೇ ‘ನಾನು ಓದಿದೆ’ ಎನ್ನುತ್ತದೆ. ಇಂಗ್ಲೆಂಡಿನ ಶಾಲೆಗಳು 2006ರ ಒಂದು ಸರ್ಕಾರಿ ವರದಿಯ ನಂತರ ಈ ದಾರಿಗೆ ಬಂದವು. 2012ರಿಂದ ಅಲ್ಲಿನ ಒಂದನೇ ಕ್ಲಾಸಿನ ಮಕ್ಕಳಿಗೆ ಫೋನಿಕ್ಸ್ ಪರೀಕ್ಷೆಯೂ ಇದೆ.

ಇಂಗ್ಲಿಷಿಗೆ ಅಕ್ಷರ 26, ಸದ್ದು ಸುಮಾರು 44. ತೊಂದರೆಯ ಬೇರು ಈ ಲೆಕ್ಕದಲ್ಲಿದೆ. ಅಕ್ಷರ ಸಾಲದೆ ಎರಡು ಮೂರು ಅಕ್ಷರ ಸೇರಿ ಒಂದು ಸದ್ದಾಗುತ್ತವೆ. ಸಾಲದ್ದಕ್ಕೆ, ಇಂಗ್ಲೆಂಡಿಗೆ 1476ರಲ್ಲಿ ಮುದ್ರಣ ಬಂದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಹೆಪ್ಪುಗಟ್ಟುತ್ತಾ ಹೋಯಿತು, ಜನರ ಉಚ್ಚಾರ ಮಾತ್ರ ಬದಲಾಗುತ್ತಲೇ ಇತ್ತು. ‘ನೈಟ್’ ಪದದ ನಡುವಿನ ಮೂಕ ಅಕ್ಷರಗಳು ಒಂದು ಕಾಲಕ್ಕೆ ಉಚ್ಚಾರವಾಗುತ್ತಿದ್ದಂಥವೇ. ‘ವನ್’, ‘ಸೆಡ್’, ‘ವಾಸ್’ ಮೊದಲಾದ ಪದಗಳು ಫೋನಿಕ್ಸಿಗೆ ಪೂರ್ತಿ ಸಿಗುವುದಿಲ್ಲ, ಅವನ್ನು ಕಣ್ಣಲ್ಲಿ ಗುರುತು ಹಿಡಿಯುವುದನ್ನೇ ಕಲಿಸಬೇಕು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ, ಫ್ಲೆಕ್ಸುಗಳು ಅದನ್ನು ಹೇಳುವುದಿಲ್ಲ. ಲಂಡನ್ನಿನ ಮಗು ಶಾಲೆಗೆ ಬರುವಾಗಲೇ ಸಾವಿರಾರು ಇಂಗ್ಲಿಷ್ ಪದಗಳನ್ನು ಕೇಳಿ ಬಲ್ಲದು. ‘ಪ್ಯಾನ್’ ಎಂದು ಕೂಡಿಸಿ ಓದಿದ ಕೂಡಲೇ ಅಡುಗೆಮನೆಯ ಬಾಣಲೆ ಅದಕ್ಕೆ ಹೊಳೆಯುತ್ತದೆ. ನಮ್ಮ ಮಗುವೂ ‘ಪ್ಯಾನ್’ ಎಂದು ಚೆನ್ನಾಗಿಯೇ ಓದುತ್ತದೆ, ಆದರೆ ಹೊಳೆಯುವುದು ಅಪ್ಪನ ಪ್ಯಾನ್ ಕಾರ್ಡು. ಫೋನಿಕ್ಸ್ ಬೀಗ ತೆಗೆಯುತ್ತದೆ, ಒಳಗೆ ಸಾಮಾನು ತುಂಬುವುದು ಅದರ ಕೆಲಸವಲ್ಲ. ಕೇಳಿಸಿಕೊಂಡ ಮಾತು, ಹಾಡು, ಕತೆ ಮೊದಲು ಒಳಗೆ ಹೋಗಿರಬೇಕು. ಬರೀ ಫೋನಿಕ್ಸ್ ಆದ ಕ್ಲಾಸಿನಲ್ಲಿ ಸರಾಗವಾಗಿ ಓದುವ, ಓದಿದ್ದು ಏನೂ ತಿಳಿಯದ ಮಕ್ಕಳು ಸಿಗುತ್ತಾರೆ.

ಬೆಂಗಳೂರಿನ ಹೆಸರು ಹೊತ್ತ ಪ್ರಯೋಗ

‘ಕಮ್ಯುನಿಕೇಟಿವ್’ ಎಂದರೆ ಸಂವಹನ, ಅಂದರೆ ಮಾತಿನಿಂದ ಒಂದು ಕೆಲಸ ಆಗುವುದು. 1970ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ವಿಚಾರದ ಒಂದು ದೊಡ್ಡ ಕವಲು ಬೆಳೆದದ್ದು ನಮ್ಮ ಕಡೆಯ ಮಾಮೂಲಿ ಶಾಲೆಗಳಲ್ಲಿ. ಭಾಷಾಬೋಧನೆಯ ಪಠ್ಯಗಳನ್ನು ಜಗತ್ತಿನ ಎಲ್ಲಿ ತೆರೆದರೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರು ಸಿಗುತ್ತದೆ. ಇಲ್ಲಿಯವರಿಗೇ ಅದು ಅಷ್ಟಾಗಿ ಗೊತ್ತಿಲ್ಲ.

ಎನ್.ಎಸ್. ಪ್ರಭು ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಇಂಗ್ಲಿಷ್ ಬೋಧನೆಯ ತಜ್ಞರು. ರಚನಾ ವಿಧಾನದಲ್ಲಿ ಓದಿದ ಮಕ್ಕಳು ಅಚ್ಚುಗಳನ್ನು ಒಪ್ಪಿಸುತ್ತಾರೆ, ಬಳಸುವುದಿಲ್ಲ ಎಂಬುದು ಆ ಹೊತ್ತಿಗೆ ಎಲ್ಲರ ಕಣ್ಣಿಗೆ ಬಿದ್ದಿತ್ತು. ಪ್ರಭು ಅದನ್ನು ತಿರುವಿ ಕೇಳಿದರು: ವ್ಯಾಕರಣವನ್ನು ಕಲಿಸಲೇಬಾರದು, ಮಗುವಿನ ಗಮನವನ್ನು ಪೂರ್ತಿಯಾಗಿ ಅರ್ಥದ ಮೇಲಿಡಬೇಕು, ಆಗ ವ್ಯಾಕರಣ ತಾನೇ ಒಳಗೆ ಕೂರುತ್ತದೆಯೇ? 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಶಾಲೆಗಳಲ್ಲಿ ಇದನ್ನು ಮಾಡಿ ನೋಡಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಜತೆಗಿತ್ತು. ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರು, ಶಾಲೆಯ ಟೈಮ್‌ಟೇಬಲ್, ಇವೇ ಪಾಠದ ಸಾಮಗ್ರಿ.

ಹೇಗಿರುತ್ತದೆ ಈ ಪಾಠ? ಅದೇ ಮಾದರಿಯಲ್ಲಿ ನಾನೇ ಕಟ್ಟಿದ ಒಂದು ಪಾಠ ನೋಡಿ. ಬೋರ್ಡಿನ ಮೇಲೆ ಮೂರು ಬಸ್ಸಿನ ಸಮಯ. ಒಂದನೇ ಬಸ್ಸು ಮೈಸೂರು 6.30, ಮಂಡ್ಯ 7.20, ಬೆಂಗಳೂರು 9.45. ಎರಡನೆಯದು ಮೈಸೂರು 8.15, ಮಂಡ್ಯ 9.05, ಬೆಂಗಳೂರು 11.30. ಮೂರನೆಯದು ಮೈಸೂರು 9.00, ಬೆಂಗಳೂರು 11.15, ನಡುವೆ ಎಲ್ಲೂ ನಿಲ್ಲುವುದಿಲ್ಲ. ಟೀಚರ್ ಇಂಗ್ಲಿಷಿನಲ್ಲೇ ಹೇಳುತ್ತಾರೆ: ಗೌರಿ ಇರುವುದು ಮಂಡ್ಯದಲ್ಲಿ. ಎಂಟೂವರೆಗೆ ಮಗನನ್ನು ಶಾಲೆಗೆ ಬಿಡಬೇಕು. ಹನ್ನೆರಡಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿರಬೇಕು.

‘ವಿಚ್ ಬಸ್?’

‘ಬಸ್ ತ್ರೀ, ಮಿಸ್!’ ಹಿಂದಿನ ಬೆಂಚಿನಿಂದ ಒಬ್ಬ.

ಇನ್ನೊಬ್ಬಳು ಎದ್ದು ನಿಲ್ಲುತ್ತಾಳೆ. ‘ನೋ ಮಿಸ್. ಮಂಡ್ಯ ನೋ ಸ್ಟಾಪ್.’

‘ರೈಟ್. ಇಟ್ ಡಸ್ ನಾಟ್ ಸ್ಟಾಪ್ ಇನ್ ಮಂಡ್ಯ. ಸೋ?’

‘ಬಸ್ ಟೂ!’

ಹುಡುಗಿಯ ವಾಕ್ಯ ವ್ಯಾಕರಣದ ಲೆಕ್ಕದಲ್ಲಿ ತಪ್ಪು, ಯೋಚನೆ ಪೂರ್ತಿ ಸರಿ. ಟೀಚರ್ ‘ತಪ್ಪು, ಸರಿಯಾಗಿ ಹೇಳು’ ಎನ್ನಲಿಲ್ಲ. ಅವಳ ಮಾತನ್ನೇ ಸರಿಯಾದ ರೂಪದಲ್ಲಿ ವಾಪಸ್ ಕೊಟ್ಟು ಮುಂದೆ ಹೋದರು. ಇದೇ ಪಾಠದಲ್ಲಿ ‘ಡಸ್ ನಾಟ್ ಸ್ಟಾಪ್’ ಎಂಬುದು ಮಗುವಿನ ಕಿವಿಗೆ ಇನ್ನೂ ಎಂಟು ಹತ್ತು ಸಲ ಬೀಳುತ್ತದೆ. ಆಮೇಲೆ ಇಂಥದೇ ಇನ್ನೊಂದು ಲೆಕ್ಕವನ್ನು ಪ್ರತಿ ಮಗುವೂ ಒಬ್ಬೊಬ್ಬರಾಗಿ ಬಿಡಿಸಬೇಕು. ಮಾರ್ಕು ಕೊಡುವುದು ಉತ್ತರ ಸರಿಯಿದೆಯೇ ಎಂದು ನೋಡಿ, ವಾಕ್ಯ ಚೆಂದವಿದೆಯೇ ಎಂದಲ್ಲ.

ಇಂಥ ಚಟುವಟಿಕೆಗೆ ‘ಟಾಸ್ಕ್’ ಎಂದು ಹೆಸರು. ಪ್ರಭು ಅದರಲ್ಲಿ ಮೂರು ಬಗೆ ಮಾಡಿದರು: ಒಬ್ಬರ ಬಳಿ ಇರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು, ಇರುವ ಮಾಹಿತಿಯಿಂದ ತರ್ಕ ಮಾಡುವುದು, ತನ್ನ ಅಭಿಪ್ರಾಯ ಹೇಳುವುದು. ಮೇಲಿನ ಬಸ್ಸಿನ ಪಾಠ ಎರಡನೆಯ ಬಗೆ, ಅವರಿಗೆ ಬಹಳ ಇಷ್ಟವಾಗಿದ್ದೂ ಅದೇ. ಇವತ್ತು ‘ಟಾಸ್ಕ್ ಆಧಾರಿತ ಬೋಧನೆ’ ಎಂದು ಜಗತ್ತೆಲ್ಲ ಕರೆಯುವ ವಿಧಾನದ ಮೊದಮೊದಲ ದೊಡ್ಡ ಪ್ರಯೋಗ ಇದು.

ಒಂದು ವಿಷಯದಲ್ಲಿ ಪ್ರಭು ಇವತ್ತಿನವರಿಗಿಂತ ಬೇರೆ. ಈಗ ಎಲ್ಲರೂ ಮಕ್ಕಳನ್ನು ಜೋಡಿಯಾಗಿ, ಗುಂಪಾಗಿ ಮಾತಾಡಿಸಿ ಎನ್ನುತ್ತಾರೆ. ಪ್ರಭು ಗುಂಪು ಕೆಲಸಕ್ಕೆ ಒಲವು ತೋರಲಿಲ್ಲ. ಕಲಿಯುವವರು ಕಲಿಯುವವರಿಂದಲೇ ಕೇಳಿಸಿಕೊಂಡರೆ ಅರೆಬರೆ ಇಂಗ್ಲಿಷೇ ಗಟ್ಟಿಯಾದೀತು ಎಂಬುದು ಅವರ ಅಳುಕು. ಈ ವಾದ ಇನ್ನೂ ಮುಗಿದಿಲ್ಲ.

ಕನ್ನಡದ ನಾಲಿಗೆಗೆ ಎಲ್ಲಿ ತೊಡಕು

ಒಳ್ಳೆಯ ಟೀಚರ್ ಮಗುವಿನ ತಪ್ಪನ್ನು ನೋಡಿ ಅದು ಎಲ್ಲಿಂದ ಬಂತು ಎಂದು ಹೇಳಬಲ್ಲರು. ನಮ್ಮ ಮಕ್ಕಳ ಬಹಳಷ್ಟು ತಪ್ಪುಗಳು ದಡ್ಡತನದಿಂದ ಬಂದವಲ್ಲ, ಕನ್ನಡ ಚೆನ್ನಾಗಿ ಬರುವುದರಿಂದ ಬಂದವು.

ಕನ್ನಡದ ಮಾತು ಸ್ವರದಲ್ಲಿ ಮುಗಿಯಲು ಇಷ್ಟಪಡುತ್ತದೆ. ಅದಕ್ಕೇ ಬಸ್ ‘ಬಸ್ಸು’, ಲೈಟ್ ‘ಲೈಟು’. ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುವ ಬಾಯಿ ‘ಎಗ್’ಅನ್ನು ‘ಯೆಗ್’ ಎನ್ನುತ್ತದೆ. ನಮ್ಮಲ್ಲಿ ‘ವ’ ಒಂದೇ, ಇಂಗ್ಲಿಷಿನಲ್ಲಿ ಎರಡು: ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಕನ್ನಡ ಲಿಪಿಯಲ್ಲಿ ಬರೆದರೆ ದ್ರಾಕ್ಷಿಯ ಬಳ್ಳಿಯೂ ‘ವೈನ್’, ಅದರ ಮದ್ಯವೂ ‘ವೈನ್’.

ಇನ್ನು ‘ಅಲ್ಲಿ’ ಪ್ರತ್ಯಯ. ಡಬ್ಬದಲ್ಲಿ, ಮನೆಯಲ್ಲಿ, ಟಿವಿಯಲ್ಲಿ, ಬಸ್ಸಲ್ಲಿ ಬಂದೆ. ನಮಗೆ ನಾಲ್ಕಕ್ಕೂ ಒಂದೇ ಸಾಕು. ಇಂಗ್ಲಿಷಿನಲ್ಲಿ ಡಬ್ಬಕ್ಕೆ ‘ಇನ್’, ಮನೆಗೆ ‘ಅಟ್’, ಟಿವಿಗೆ ‘ಆನ್’, ಬಸ್ಸಿಗೆ ‘ಬೈ’. ಅದೂ ನಮ್ಮಲ್ಲಿ ನಾಮಪದದ ಬಾಲಕ್ಕೆ ಅಂಟುತ್ತದೆ, ಅಲ್ಲಿ ತಲೆಯ ಮುಂದೆ ನಿಲ್ಲುತ್ತದೆ. ಒಂದು ಪದಕ್ಕೆ ನಾಲ್ಕು ಪದ ಎಲ್ಲಿಂದ ತರಲಿ ಎಂದು ಮಗು ತಡವರಿಸಿದರೆ ಆಶ್ಚರ್ಯವೇನಿಲ್ಲ.

‘ನನಗೆ’ ಇನ್ನೂ ಸ್ವಾರಸ್ಯದ್ದು. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಇಬ್ಬರು ಅಕ್ಕಂದಿರು, ನನಗೆ ಬೇಕು. ಕನ್ನಡದಲ್ಲಿ ಹಸಿವು, ತಿಳಿವಳಿಕೆ, ಅಕ್ಕಂದಿರು ಎಲ್ಲವೂ ನನ್ನ ಬಳಿಗೆ ಬರುತ್ತವೆ, ನಾನು ಏನೂ ಮಾಡುತ್ತಿಲ್ಲ. ಇಂಗ್ಲಿಷ್ ಇವೆಲ್ಲದರಲ್ಲೂ ‘ಐ’ಯನ್ನು ಮುಂದೆ ತಂದು ಕೂರಿಸುತ್ತದೆ. ‘ಅಲ್ವಾ?’ ಎಂಬ ನಮ್ಮ ಒಂದೇ ಬಾಲ ಎಲ್ಲ ವಾಕ್ಯಕ್ಕೂ ಹೊಂದುತ್ತದೆ, ಹಾಗಾಗಿ ‘ಯು ಆರ್ ಕಮಿಂಗ್, ಈಸಿಂಟ್ ಇಟ್?’ ಎನ್ನುತ್ತೇವೆ. ‘ಅಲ್ಲೇ’ ಎಂಬುದರ ಒತ್ತು ‘ದೇರ್ ಓನ್ಲಿ’ ಆಗುತ್ತದೆ.

ಇವನ್ನು ತೋರಿಸಿಕೊಡಲು ಕ್ಲಾಸಿನಲ್ಲಿ ಕನ್ನಡ ಬೇಕೇ ಬೇಕು. ‘ಕನ್ನಡ ಮಾತಾಡಿದರೆ ಫೈನ್’ ಎನ್ನುವ ಶಾಲೆಗಳ ಹಿಂದೆ ಇರುವುದು 19ನೇ ಶತಮಾನದ ‘ನೇರ ವಿಧಾನ’ದ ನೆರಳು: ಕಲಿಯುವ ಭಾಷೆ ಬಿಟ್ಟು ಬೇರೆ ಮಾತು ಕ್ಲಾಸಿನಲ್ಲಿ ಬರಕೂಡದು ಎಂಬ ನಿಯಮ. ಅದರಲ್ಲಿ ಒಂದು ಹುರುಳಿದೆ, ಕಿವಿಗೆ ಹೆಚ್ಚು ಇಂಗ್ಲಿಷ್ ಬೀಳುತ್ತದೆ. ಆದರೆ ಅರ್ಥವಾಗದ ಮಾತು ಎಷ್ಟು ಬಿದ್ದರೂ ಮಳೆನೀರು ಬಂಡೆಯ ಮೇಲೆ ಹರಿದ ಹಾಗೆ. ವೇಲ್ಸ್‌ನ ಸಿ.ಜೆ. ಡಾಡ್ಸನ್ 1967ರಲ್ಲಿ ದ್ವಿಭಾಷಾ ವಿಧಾನವನ್ನು ಮುಂದಿಟ್ಟರು. ಟೀಚರ್ ಇಂಗ್ಲಿಷ್ ವಾಕ್ಯ ಹೇಳುತ್ತಾರೆ, ತಕ್ಷಣ ಅದರ ಅರ್ಥವನ್ನು ಮನೆಮಾತಿನಲ್ಲಿ ಒಮ್ಮೆ, ಮತ್ತೆ ಇಂಗ್ಲಿಷಿನಲ್ಲಿ. ಮಧ್ಯದ ಕನ್ನಡ ಎರಡು ಸೆಕೆಂಡು, ಉಳಿದ ಹೊತ್ತೆಲ್ಲ ಇಂಗ್ಲಿಷ್. ಇಡೀ ಪಾಠವನ್ನೇ ಕನ್ನಡಕ್ಕೆ ತಿರುಗಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

30 ದಿನದ ಲೆಕ್ಕ

ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಭಾಷಾ ಸಾಮರ್ಥ್ಯಕ್ಕೆ ಆರು ಮೆಟ್ಟಿಲು ಮಾಡಿತು: ಎ1, ಎ2, ಬಿ1, ಬಿ2, ಸಿ1, ಸಿ2. ಎ2 ಎಂದರೆ ಅಂಗಡಿ, ದಾರಿ, ಮನೆಯವರ ಬಗ್ಗೆ ಸರಳವಾಗಿ ಮಾತಾಡುವಷ್ಟು. ಬಿ2 ಎಂದರೆ ಆಫೀಸಿನ ಮೀಟಿಂಗಿನಲ್ಲಿ ವಾದ ಮಾಡುವಷ್ಟು. ಕೇಂಬ್ರಿಡ್ಜ್ ಪರೀಕ್ಷಾ ಸಂಸ್ಥೆಯ ಅಂದಾಜಿನಲ್ಲಿ, ಆರಂಭದಿಂದ ಎ2 ಮುಟ್ಟಲು 180ರಿಂದ 200 ಗಂಟೆ ಪಾಠ ಬೇಕು, ಬಿ1ಕ್ಕೆ 350ರಿಂದ 400, ಬಿ2ಕ್ಕೆ 500ರಿಂದ 600. ದಿನಕ್ಕೊಂದು ಗಂಟೆಯಂತೆ 30 ದಿನ ಎಂದರೆ 30 ಗಂಟೆ. ಗ್ಯಾರಂಟಿಯ ಚೀಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಹತ್ತು ವರ್ಷ ಓದಿ, ಗೊತ್ತಿದ್ದೂ ಬಾಯಿ ಬಿಡಲು ಹೆದರುವವರಿಗೆ ಆ 30 ಗಂಟೆ ಸಂಕೋಚ ಬಿಡಿಸೀತು, ಅದು ಸಣ್ಣ ಮಾತಲ್ಲ. ಸೊನ್ನೆಯಿಂದ ಶುರು ಮಾಡಿದವರಿಗೆ ಅಷ್ಟರಲ್ಲಿ ಭಾಷೆ ಬರುವುದಿಲ್ಲ.

ಹಾಗಾದರೆ ಶಾಲೆಯಲ್ಲಿ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾದಿನ. ದಿನಕ್ಕೆ 40 ನಿಮಿಷ ಎಂದರೆ ವರ್ಷಕ್ಕೆ 133 ಗಂಟೆ, ಹತ್ತು ವರ್ಷಕ್ಕೆ 1300 ಗಂಟೆಗೂ ಹೆಚ್ಚು. ಲೆಕ್ಕದ ಪ್ರಕಾರ ಎಸ್ಸೆಸ್ಸೆಲ್ಸಿ ಮುಗಿಸಿದ ಪ್ರತಿ ಮಗುವೂ ಬಿ2 ದಾಟಿರಬೇಕಿತ್ತು. ದಾಟಿಲ್ಲ, ಯಾಕೆ? ಆ ಗಂಟೆಗಳ ಒಳಗೆ ಇಣುಕಬೇಕು. ಕ್ಲಾಸಿನಲ್ಲಿ 40 ಮಕ್ಕಳು, 40 ನಿಮಿಷ. ಟೀಚರ್ ಒಂದು ಮಾತೂ ಆಡದೆ ಕೂತರೂ ಒಬ್ಬೊಬ್ಬರ ಪಾಲಿಗೆ ಮಾತಾಡಲು ಸಿಗುವುದು ಒಂದು ನಿಮಿಷ. ವರ್ಷಕ್ಕೆ 200 ನಿಮಿಷ, ಅಂದರೆ ಒಂದು ಉದ್ದನೆಯ ಸಿನಿಮಾದಷ್ಟು. ನಿಜದಲ್ಲಿ ಅಷ್ಟೂ ಸಿಗುವುದಿಲ್ಲ, ಬಹುಪಾಲು ಹೊತ್ತು ಬೋರ್ಡಿನ ಪ್ರಶ್ನೋತ್ತರವನ್ನು ನೋಟ್ಸಿಗೆ ಇಳಿಸುವುದರಲ್ಲೇ ಹೋಗುತ್ತದೆ. ಜೋಡಿಯಾಗಿ ಮಾತಾಡಿಸಿ ಎನ್ನುವವರ ವಾದದ ಬಲ ಈ ಲೆಕ್ಕದಲ್ಲಿದೆ: ಇಬ್ಬಿಬ್ಬರಾಗಿ ಐದು ನಿಮಿಷ ಬಿಟ್ಟರೆ ಇಪ್ಪತ್ತು ಬಾಯಿ ಒಟ್ಟಿಗೆ ತೆರೆಯುತ್ತವೆ. ಗದ್ದಲವಾಗುತ್ತದೆ, ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನೋಡುತ್ತಾರೆ, ಅದು ಬೇರೆ ಮಾತು.

ಕೈಗೆ ಸಿಗುವ ಸಾಮಗ್ರಿ

ಎಷ್ಟು ಪದ ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಮೊದಲಿಗರಲ್ಲಿ ಒಬ್ಬರು ಮೈಕೆಲ್ ವೆಸ್ಟ್ ಎಂಬ ಶಿಕ್ಷಣ ತಜ್ಞರು. ಅವರು 1920ರ ದಶಕದಲ್ಲಿ ಢಾಕಾದಲ್ಲಿ ಬಂಗಾಳಿ ಹುಡುಗರು ಇಂಗ್ಲಿಷ್ ಓದಲು ಪಡುವ ಪಾಡನ್ನು ನೋಡಿ, ಹೆಚ್ಚು ಬಳಕೆಯ ಪದಗಳಲ್ಲೇ ಪಾಠ ಬರೆದರೆ ಮಕ್ಕಳು ಓದುತ್ತಾರೆ ಎಂದು ಕಂಡುಕೊಂಡರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಬರಹದ ಹೆಚ್ಚುಕಡಿಮೆ ಶೇ. 80ರಷ್ಟು ಪದಗಳು ಇವುಗಳಲ್ಲೇ ಮುಗಿಯುತ್ತವೆ. ಮಟ್ಟ ಗುರುತಿಸಿದ ಕತೆಪುಸ್ತಕಗಳ ಹಿಂದಿನ ಗುಟ್ಟು ಇದೇ.

ಅಂಥ ಪುಸ್ತಕಗಳಿಗೆ ದುಡ್ಡು ಕೊಡಲೇಬೇಕೆಂದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಮಟ್ಟದ ಮಕ್ಕಳ ಕತೆಗಳು ಉಚಿತವಾಗಿವೆ. ಎಷ್ಟೋ ಕತೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದೇ ಚಿತ್ರಗಳೊಂದಿಗೆ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿದ ಮಗುವಿಗೆ ಇಂಗ್ಲಿಷಿನಲ್ಲಿ ಓದುವಾಗ ಕತೆ ಗೊತ್ತಿರುತ್ತದೆ, ಪದಗಳ ಅರ್ಥವನ್ನು ತಾನೇ ಊಹಿಸುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲೂ ತೆರೆಯಬಹುದು.

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಹಿಡಿದರೆ ಸರ್ಕಾರದ ದೀಕ್ಷಾ ತಾಣದ ವಿಡಿಯೊ, ಅಭ್ಯಾಸಗಳು ತೆರೆಯುತ್ತವೆ. ಆಕಾಶವಾಣಿಯ ‘ಕೇಳಿ ಕಲಿ’ ರೇಡಿಯೊ ಪಾಠಗಳನ್ನು ಕೇಳಿ ಬೆಳೆದ ತಲೆಮಾರೇ ಒಂದಿದೆ. ಗೂಗಲ್‌ನ ರೀಡ್ ಅಲಾಂಗ್ ಆ್ಯಪ್ ಮಗು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡು ತಡವರಿಸಿದ ಪದವನ್ನು ಹೇಳಿಕೊಡುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಲ್ಲದವರಿಗೆ ಇದು ದೊಡ್ಡ ಅನುಕೂಲ. ದೊಡ್ಡವರಿಗೆ ಬಿಬಿಸಿಯ ಕಲಿಕಾ ಪಾಠಗಳಿವೆ.

ಕನ್ನಡದ ಪದ ಗೊತ್ತಿದ್ದು ಇಂಗ್ಲಿಷ್ ಪದ ಬೇಕಾದರೆ ವಿ. ಕೃಷ್ಣ ಅವರು ಹತ್ತಾರು ವರ್ಷ ಒಬ್ಬರೇ ಕೂತು ಕಟ್ಟಿದ ‘ಅಲರ್’ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಮುಕ್ತವಾಗಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು ಅದರಲ್ಲಿವೆ.

ಇಂಗ್ಲಿಷ್ ಬಾರದ ಮನೆಯಲ್ಲಿ

‘ನಮಗೇ ಬರಲ್ಲ, ಮಗುಗೆ ಏನ್ ಹೇಳ್ಕೊಡೋದು?’ ಎನ್ನುವವರೇ ಹೆಚ್ಚು. ಹೇಳಿಕೊಡಬೇಕಾಗಿಲ್ಲ, ಕೇಳಬೇಕು. ಮಗು ಇಂಗ್ಲಿಷ್ ಪಾಠವನ್ನೋ ಕತೆಯನ್ನೋ ಒಂದು ಪುಟ ಗಟ್ಟಿಯಾಗಿ ಓದಲಿ. ಪುಸ್ತಕ ಮುಚ್ಚಿಸಿ, ‘ಏನಾಯ್ತಂತೆ? ಕನ್ನಡದಲ್ಲಿ ಹೇಳು’ ಎನ್ನಿ. ಅವಸರ ಮಾಡಬೇಡಿ, ರೊಟ್ಟಿ ತಟ್ಟುತ್ತಾ ಕೇಳಿದರೂ ನಡೆಯುತ್ತದೆ.

ತಪ್ಪುತಪ್ಪಾಗಿ ಓದಿಯೂ ಕತೆಯನ್ನು ತನ್ನ ಮಾತಿನಲ್ಲಿ ಹೇಳಿದರೆ, ನಡುವೆ ‘ಆ ನರಿ ಇತ್ತಲ್ಲಮ್ಮ, ಅದು ಸುಳ್ಳು ಹೇಳ್ತು’ ಎಂದು ಸೇರಿಸಿದರೆ, ಶಾಲೆಯಲ್ಲಿ ನಡೆಯುತ್ತಿರುವುದು ಪಾಠವೇ. ಟಿವಿ ವಾರ್ತೆಯವರ ಹಾಗೆ ನಿರರ್ಗಳವಾಗಿ ಓದಿ, ಏನಾಯಿತು ಎಂದು ಕೇಳಿದಾಗ ನಿಮ್ಮ ಮುಖವನ್ನೇ ನೋಡಿದರೆ, ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡನ್ನು ಸ್ವಲ್ಪ ಬದಿಗಿಟ್ಟು ಟೀಚರನ್ನು ಇಷ್ಟು ಕೇಳಿ: ‘ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ನನ್ನ ಮಗಳು ಎಷ್ಟು ಹೊತ್ತು ಬರೆದುಕೊಳ್ತಾಳೆ, ಎಷ್ಟು ಹೊತ್ತು ಮಾತಾಡ್ತಾಳೆ?’